ಮೊಣಕೈ ಸ್ಪೆಷಲಿಸ್ಟ್

ಹೃದಯದ ಬಗ್ಗೆ ಕರ್ನಾಟಕಕ್ಕೆ ಕಾಳಜಿ ಇಲ್ಲ ಎಂದು ಯಾರೂ ಹೇಳುವಂತಿಲ್ಲ. ಆ ಕಾಳಜಿ ಆಗಾಗ ಉಕ್ಕಿ ಬರುತ್ತದೆ, ಅಷ್ಟೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಒಮ್ಮೆ ಉಕ್ಕಿತು. 2025ರಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿಗಳು ಒಂದರ ಬೆನ್ನಿಗೊಂದು ಬಂದಾಗ ಇನ್ನೊಮ್ಮೆ. ಎರಡು ಸಲವೂ ಜಯದೇವ ಆಸ್ಪತ್ರೆಯ ಮುಂದೆ ಸಾಲೋ ಸಾಲು. ಜಿಮ್ಮಿಗೆ ಹೋಗುವವರು, ಹೋಗುವುದನ್ನು ಹೆದರಿ ಬಿಟ್ಟವರು, ಬರುವ ಸೋಮವಾರದಿಂದ ಹೋಗೋಣ ಅಂದುಕೊಂಡವರು ಎಲ್ಲರೂ ಒಟ್ಟಿಗೆ ನಿಂತರು. ಟಿ.ವಿ. ಸ್ಟುಡಿಯೊಗಳಲ್ಲಿ ಕೋವಿಡ್ ಲಸಿಕೆಯಿಂದ ಹಿಡಿದು ಅಡುಗೆ ಎಣ್ಣೆಯವರೆಗೆ ಸಿಕ್ಕಸಿಕ್ಕ ಆರೋಪಿಗಳನ್ನೆಲ್ಲ ಕಟಕಟೆಗೆ ಹತ್ತಿಸಲಾಯಿತು. ಸರ್ಕಾರ ತಜ್ಞರ ಸಮಿತಿ ಮಾಡಿತು. ಲಸಿಕೆಗೂ ಈ ಸಾವುಗಳಿಗೂ ನಂಟಿಲ್ಲ ಎಂದು ವರದಿ ಬಂತು. ವರದಿ ಬಂದ ಮೇಲೆ ಸಾಲು ಕರಗಿತು, ಭಯವೂ ಕರಗಿತು, ಸೋಮವಾರವೂ ಕಳೆದುಹೋಯಿತು.

ಜನ ಬಾಯಿಬಿಟ್ಟು ಕೇಳಿ ಮಾಡಿಸಿಕೊಂಡ ಪರೀಕ್ಷೆಗಳ ಪಟ್ಟಿ ದೊಡ್ಡದು. ಇಸಿಜಿ, ಎಕೋ, ಟ್ರೆಡ್‌ಮಿಲ್ ಮೇಲೆ ಓಡಿಸುವ ಟಿಎಂಟಿ, ಸಕ್ಕರೆ, ಕೊಲೆಸ್ಟರಾಲ್. ಪಟ್ಟಿಯಲ್ಲಿ ಎಲ್ಲವೂ ಇತ್ತು, ರಾತ್ರಿಯೊಂದು ಇರಲಿಲ್ಲ. ಹೃದಯವೆಂಬುದು ಬೆಳಿಗ್ಗೆ ಒಂಬತ್ತಕ್ಕೆ ಹಾಜರಿ ಹಾಕಿ ಸಂಜೆ ಐದಕ್ಕೆ ಮನೆಗೆ ಹೋಗುವ ಸರ್ಕಾರಿ ನೌಕರ ಎಂದು ನಾವೂ ನಮ್ಮ ಆಸ್ಪತ್ರೆಗಳೂ ಒಮ್ಮತದಿಂದ ನಂಬಿದ್ದೇವೆ. ಅದು ರಾತ್ರಿ ಪಾಳಿಯಲ್ಲಿ ಏನು ಪಾಡು ಪಡುತ್ತದೆ ಎಂಬುದನ್ನು ಬಲ್ಲವರು ಮನೆಯಲ್ಲಿ ಒಬ್ಬರೇ. ಅವರಿಗೆ ಎಂಬಿಬಿಎಸ್ ಆಗಿಲ್ಲ. ಪಕ್ಕದ ದಿಂಬಿನಲ್ಲಿ ಮಲಗಿ ಮೂವತ್ತು ವರ್ಷದ ಅನುಭವ ಮಾತ್ರ ಇದೆ.

ಹಾಸನದ ಸಾವುಗಳಿಗೆ ಗೊರಕೆಯೇ ಕಾರಣ ಎಂದು ನಾನು ಹೇಳುತ್ತಿಲ್ಲ. ಟಿ.ವಿ.ಯವರು ಹೇಳಿದ ಕಾರಣಗಳೇ ಬೇಕಾದಷ್ಟಿವೆ, ನಾನೊಂದು ಸೇರಿಸುವುದು ಬೇಡ. ಹೇಳುತ್ತಿರುವುದು ಇಷ್ಟೇ: ಹೃದ್ರೋಗಿಗಳ ಫೈಲಿನಲ್ಲಿ ಸಿಗದ, ಮಲಗುವ ಕೋಣೆಯಲ್ಲಿ ಮಾತ್ರ ಸಿಗುವ ಕಾಯಿಲೆಯೊಂದಿದೆ. ಅದು ಸದ್ದಿಲ್ಲದೆ ಬರುವುದೂ ಇಲ್ಲ. ಬೀದಿಯ ನಾಯಿ ಬೆಚ್ಚುವಷ್ಟು ಸದ್ದು ಮಾಡಿಕೊಂಡೇ ಬರುತ್ತದೆ. ಆದರೂ ಅದು ಪತ್ತೆಯಾಗುವುದಿಲ್ಲ ಎಂದರೆ ನಮ್ಮ ಪ್ರತಿಭೆ ಸಾಮಾನ್ಯವೇ?

ಅದಕ್ಕೆ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ನಿದ್ದೆ ಬಂದಾಗ ಗಂಟಲಿನ ಸ್ನಾಯುಗಳು ಸಡಿಲವಾಗಿ ನಾಲಿಗೆ ಹಿಂದಕ್ಕೆ ಜಾರುತ್ತದೆ. ಎಳನೀರಿಗೆ ಹಾಕಿದ ಪೇಪರ್ ಸ್ಟ್ರಾ ನೆಂದು ಮೆತ್ತಗಾದ ಮೇಲೆ ಜೋರಾಗಿ ಎಳೆದರೆ ಅಂಟಿಕೊಂಡು ಕೂತುಬಿಡುತ್ತದಲ್ಲ, ಹಾಗೆ ಗಾಳಿಯ ದಾರಿ ಮುಚ್ಚಿಕೊಳ್ಳುತ್ತದೆ. ಎದೆ ಎಳೆಯುತ್ತಲೇ ಇರುತ್ತದೆ, ಗಾಳಿ ಬರುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೆದುಳು ಗಾಬರಿಬಿದ್ದು ಅರೆ ಎಚ್ಚರ ಮಾಡಿಸುತ್ತದೆ, ಅಡ್ರಿನಲಿನ್ ನುಗ್ಗುತ್ತದೆ, ಬಿಪಿ ಜಿಗಿಯುತ್ತದೆ, ಗಂಟಲು ತೆರೆದು ಗಾಳಿ ಘರ್ ಎಂದು ಒಳಗೆ ಬೀಳುತ್ತದೆ. ಉಸಿರು ಕನಿಷ್ಠ ಹತ್ತು ಸೆಕೆಂಡ್ ನಿಂತರೆ, ಅಥವಾ ಅರ್ಧಂಬರ್ಧವಾಗಿ ಆಮ್ಲಜನಕ ಕುಸಿದರೆ, ಲೆಕ್ಕಕ್ಕೆ ಒಂದು. ಗಂಟೆಗೆ ಐದರೊಳಗಿದ್ದರೆ ಚಿಂತೆಯಿಲ್ಲ, 15 ದಾಟಿದರೆ ಮಧ್ಯಮ, 30 ದಾಟಿದರೆ ತೀವ್ರ. ಗಂಟೆಗೆ 30 ಎಂದರೆ ಏಳು ಗಂಟೆಯ ನಿದ್ದೆಯಲ್ಲಿ 210 ಸಲ. ಒಬ್ಬ ಮನುಷ್ಯನ ಕತ್ತನ್ನು ರಾತ್ರಿಯಿಡೀ 210 ಸಲ ಹಿಸುಕಿ ಬಿಟ್ಟರೆ ಅದು ಪೊಲೀಸ್ ಕೇಸು. ಅವನದೇ ಗಂಟಲು ಹಿಸುಕಿದರೆ ಅದಕ್ಕೆ ನಾವು ಇಟ್ಟಿರುವ ಹೆಸರು ಗಾಢನಿದ್ರೆ.

ಇದರಲ್ಲಿ ತಮಾಷೆಯ ವಿಷಯವೆಂದರೆ, ಮನೆಮಂದಿಗೆ ಕಿರಿಕಿರಿಯಾಗುವುದು ಗೊರಕೆ, ಹೃದಯಕ್ಕೆ ಕಿರಿಕಿರಿಯಾಗುವುದು ಗೊರಕೆ ನಿಂತ ಹೊತ್ತು. ಸದ್ದು ನಿಂತ ಕೂಡಲೇ ಇಡೀ ಮನೆ "ಅಬ್ಬಾ, ಸದ್ಯ!" ಎಂದು ಮಗ್ಗುಲು ಬದಲಿಸುತ್ತದೆ. ಅದೇ ಹೊತ್ತಿಗೆ ಯಜಮಾನರ ಹೃದಯ ಬಾಗಿಲು ಮುಚ್ಚಿದ ಗಂಟಲಿನ ವಿರುದ್ಧ ಗುದ್ದಾಡುತ್ತಿರುತ್ತದೆ.

ಗಂಡಸಿನ ಗೊರಕೆಗೆ ನಮ್ಮ ಸಮಾಜದಲ್ಲಿ ಒಂದು ಸ್ಥಾನಮಾನವಿದೆ. ದುಡಿದು ದಣಿದ ಜೀವ, ಕಪಟವಿಲ್ಲದ ಮನಸ್ಸು, ಸಾಲಸೋಲವಿಲ್ಲದ ಬಾಳು ಇವಕ್ಕೆಲ್ಲ ಅದೇ ಸರ್ಟಿಫಿಕೇಟ್. ಮದುವೆಯ ಹಿಂದಿನ ರಾತ್ರಿ ಕಲ್ಯಾಣ ಮಂಟಪದ ಹಾಲಿನಲ್ಲಿ ಜಮಖಾನೆ ಹಾಸಿ ಮಲಗಿದಾಗ ಯಾವ ದೊಡ್ಡಪ್ಪನ ಗೊರಕೆ ಅಡುಗೆಮನೆಯವರೆಗೂ ಕೇಳಿತು ಎಂಬುದು ಮರುದಿನದ ತಿಂಡಿಯ ಹೊತ್ತಿನ ಚರ್ಚೆ. ದೊಡ್ಡಪ್ಪನೂ ಹೆಮ್ಮೆಯಿಂದಲೇ ನಗುತ್ತಾರೆ. ಸ್ಲೀಪರ್ ಬಸ್ಸಿನಲ್ಲಿ ಬೆಂಗಳೂರಿಂದ ಬೀದರದವರೆಗೆ ಮೂವತ್ತು ಜನರನ್ನು ಎಚ್ಚರವಾಗಿಟ್ಟ ಮಹಾನುಭಾವರು ಇಳಿಯುವಾಗ, "ಒಳ್ಳೆ ನಿದ್ದೆ ಬಂತು ನೋಡ್ರಿ" ಎನ್ನುತ್ತಾರೆ. ವೇದಿಕೆಯ ಮೇಲೆ ತೂಕಡಿಸಿದ ರಾಜಕಾರಣಿಯ ಫೋಟೊ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ, ವಿರೋಧ ಪಕ್ಷ ರಾಜೀನಾಮೆ ಕೇಳುತ್ತದೆ. ನಿದ್ದೆಯ ಪರೀಕ್ಷೆ ಮಾಡಿಸಿ ಎಂದು ಕೇಳುವ ವಿರೋಧ ಪಕ್ಷ ಇನ್ನೂ ಹುಟ್ಟಿಲ್ಲ.

ಕೊನೆಗೊಂದು ರಾತ್ರಿ ಗೊರಕೆ ನಿಂತು ಮತ್ತೆ ಶುರುವಾಗದೇ ಹೋದರೆ? ಅದಕ್ಕೂ ನಮ್ಮಲ್ಲಿ ಸಿದ್ಧ ಉತ್ತರವಿದೆ. "ಪುಣ್ಯವಂತ, ಮಲಗಿದಲ್ಲೇ ಹೋದ. ಅನಾಯಾಸ ಮರಣ." ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು ಮಾತ್ರ ಪಾಪಪುಣ್ಯದ ಲೆಕ್ಕ ಬಿಟ್ಟು ಗಡಿಯಾರದ ಲೆಕ್ಕ ಹಿಡಿದರು. ಮೊದಲೇ ನಿದ್ದೆಯ ಪರೀಕ್ಷೆ ಆಗಿದ್ದು, ಆಮೇಲೆ ಹೃದಯ ನಿಂತು ಹಠಾತ್ತನೆ ತೀರಿಕೊಂಡ 112 ಜನರ ಸಾವಿನ ವೇಳೆಯನ್ನು ಅವರು ನೋಡಿದರು. ಆಪ್ನಿಯಾ ಇದ್ದವರಲ್ಲಿ ಶೇ 46ರಷ್ಟು ಮಂದಿ ಮಧ್ಯರಾತ್ರಿಯಿಂದ ಬೆಳಿಗ್ಗೆ ಆರರ ನಡುವೆ ಹೋಗಿದ್ದರು, ಇಲ್ಲದವರಲ್ಲಿ ಶೇ 21. 2005ರಲ್ಲಿ ಇದು ಪ್ರಕಟವಾಯಿತು. ನಾವಾಗಿದ್ದರೆ ಆ 46 ಶೇಕಡಾ ಜನ ಹೆಚ್ಚು ಪುಣ್ಯ ಮಾಡಿದ್ದರು ಎಂದು ತೀರ್ಪು ಕೊಟ್ಟು ಫೈಲು ಮುಚ್ಚುತ್ತಿದ್ದೆವು.

ಇನ್ನು ಬದುಕಿರುವವರ ಪ್ರವಾಸ ಕಥನಕ್ಕೆ ಬರೋಣ. ಆಪ್ನಿಯಾ ಇರುವ ಮನುಷ್ಯ ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುತ್ತಾನೆ. ಮುಚ್ಚಿದ ಗಂಟಲಿನ ವಿರುದ್ಧ ಎದೆ ಎಳೆದೆಳೆದು ಹೃದಯದ ಮೇಲಿನ ಕೋಣೆಗಳು ಹಿಗ್ಗುತ್ತವೆ. ನೀರು ಜಾಸ್ತಿಯಾಗಿದೆ ಎಂದು ತಪ್ಪು ತಿಳಿದ ಹೃದಯ ಅದನ್ನು ಹೊರಹಾಕಲು ಹಾರ್ಮೋನ್ ಕಳಿಸುತ್ತದೆ. ಆದರೆ ಆತ ಹೋಗುವುದು ಯೂರಾಲಜಿಸ್ಟ್ ಹತ್ತಿರ. ಪ್ರೋಸ್ಟೇಟ್ ಸ್ಕ್ಯಾನ್ ಆಗುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ತಲೆನೋವು, ಅದಕ್ಕೆ ಕಣ್ಣಿನ ಡಾಕ್ಟರು, ಹೊಸ ಕನ್ನಡಕ. ಬಾಯಿ ಒಣಗುತ್ತದೆ, ಅದಕ್ಕೆ ಶುಗರ್ ಟೆಸ್ಟ್. ಮಧ್ಯಾಹ್ನ ಕುರ್ಚಿಯಲ್ಲೇ ತೂಕಡಿಕೆ, ಅದಕ್ಕೆ ಮುದ್ದೆಯ ಮೇಲೆ ಆರೋಪ. ಮಾತುಮಾತಿಗೆ ಸಿಡುಕು, ಅದಕ್ಕೆ ಸೊಸೆಯ ಮೇಲೆ ಆರೋಪ. "ರಾತ್ರಿ ಸರಿಯಾಗಿ ನಿದ್ದೆಯಾಗ್ತಿಲ್ಲ" ಎಂದು ಎಲ್ಲಾದರೂ ಬಾಯಿಬಿಟ್ಟರೆ ನಿದ್ದೆ ಮಾತ್ರೆ ಸಿಗುತ್ತದೆ. ಮೊದಲೇ ಸಡಿಲವಾದ ಗಂಟಲನ್ನು ಕೆಲವು ಮಾತ್ರೆಗಳು ಇನ್ನಷ್ಟು ಸಡಿಲ ಮಾಡುತ್ತವೆ. ರಾತ್ರಿ ಎರಡು ಪೆಗ್ ಹಾಕಿದರೂ ಅದೇ ಕೆಲಸ ಆಗುತ್ತದೆ, ಚೀಟಿಯ ಅಗತ್ಯವೂ ಇರುವುದಿಲ್ಲ.

ಹೀಗೆ ಒಂದೇ ಕಾಯಿಲೆ ಐದು ಡಿಪಾರ್ಟ್‌ಮೆಂಟುಗಳಿಗೆ ಪಾಲಾಗುತ್ತದೆ. ನಿದ್ದೆ ಯಾರ ಪಾಲಿಗೆ ಬಂತು ಎಂದು ಕೇಳಬೇಡಿ. ಇಎನ್‌ಟಿಯವರು ಶ್ವಾಸಕೋಶದವರತ್ತ ಕೈ ತೋರಿಸುತ್ತಾರೆ, ಅವರು ನರರೋಗದವರತ್ತ. ನಿಮ್ಹಾನ್ಸ್‌ನಲ್ಲಿ ನಿದ್ರೆಯ ತೊಂದರೆಗೆಂದೇ ಪರೀಕ್ಷಾ ವ್ಯವಸ್ಥೆ ಇದೆ ಎಂದರೆ ಮನೆಯವರು, "ಗೊರಕೆಗೆ ನಿಮ್ಹಾನ್ಸಾ? ಸಂಬಂಧಿಕರಿಗೆ ಗೊತ್ತಾದರೆ ಮಗಳ ಮದುವೆ ಆಗುತ್ತಾ?" ಎನ್ನುತ್ತಾರೆ.

ಹೃದಯದ ಡಾಕ್ಟರ ಬಾಗಿಲಿಗೆ ಬನ್ನಿ. ಯಾವ ಊರಿನ, ಯಾವ ದೊಡ್ಡ ಆಸ್ಪತ್ರೆಯಾದರೂ ಆದೀತು. ಐವತ್ತೆಂಟರ ಯಜಮಾನರು, ಎರಡು ಸ್ಟೆಂಟ್ ಆಗಿದೆ. ಪಕ್ಕದಲ್ಲಿ ಶ್ರೀಮತಿ, ಮಡಿಲಲ್ಲಿ ಪ್ಲಾಸ್ಟಿಕ್ ಕವರಿನ ಫೈಲು, ಅದರೊಳಗೆ ಆಂಜಿಯೊಗ್ರಾಂ ಸಿ.ಡಿ. ಟೋಕನ್ ಸಂಖ್ಯೆ ಬಂದ ಕೂಡಲೇ ಸಿಸ್ಟರ್ ಬಾಗಿಲಲ್ಲಿ ತಲೆ ಹಾಕುತ್ತಾರೆ.

"ಪೇಶೆಂಟ್ ಒಬ್ರೇ ಒಳಗೆ ಬನ್ನಿ. ಅಮ್ಮಾ, ಅಟೆಂಡರ್ ಹೊರಗೇ ಕೂತ್ಕೊಳಿ."

ಒಳಗೆ ಬಿಪಿ ನೋಡುತ್ತಾರೆ. 160. ಮೂರು ಮಾತ್ರೆ ನುಂಗುತ್ತಿದ್ದರೂ 160.

"ಉಪ್ಪು ಜಾಸ್ತಿ ತಿಂತೀರಾ?"

"ಇಲ್ಲ ಸಾರ್, ಉಪ್ಪಿನಕಾಯೀನೂ ಬಿಟ್ಟಿದೀನಿ."

"ಟೆನ್ಷನ್?"

"ರಿಟೈರ್ಮೆಂಟ್ ಹತ್ರ ಬಂತಲ್ಲ ಸಾರ್."

"ನಿದ್ದೆ ಹೇಗೆ ಬರುತ್ತೆ?"

"ನಿದ್ದೆಗೇನೂ ಕಮ್ಮಿ ಇಲ್ಲ ಸಾರ್. ದಿಂಬಿಗೆ ತಲೆ ಕೊಟ್ರೆ ಮುಗೀತು. ಬಸ್ಸಲ್ಲಿ ಬರುತ್ತೆ, ಮೀಟಿಂಗಲ್ಲಿ ಬರುತ್ತೆ, ಈಗ ಹೊರಗಡೆ ಕೂತಿದ್ನಲ್ಲ, ಅಲ್ಲೂ ಬಂತು."

"ವೆರಿ ಗುಡ್."

ಕಂಪ್ಯೂಟರಿನಲ್ಲಿ ನಿದ್ದೆಯ ಮುಂದೆ ನಾರ್ಮಲ್ ಎಂದು ಟೈಪಾಗುತ್ತದೆ. ಹೊರಗೆ ಕಾರಿಡಾರಿನ ಸ್ಟೀಲ್ ಕುರ್ಚಿಯಲ್ಲಿ ಶ್ರೀಮತಿ ಪಕ್ಕದವರ ಹತ್ತಿರ ಹೇಳುತ್ತಿರುತ್ತಾರೆ: "ರಾತ್ರಿ ಹೊತ್ತು ಒಂದೊಂದ್ಸಲ ಇವರ ಉಸಿರೇ ನಿಂತೋಗುತ್ತೆ ಕಣ್ರೀ. ನಾನು ಎದ್ದು ಮೂಗಿನ ಹತ್ರ ಬೆರಳಿಟ್ಟು ನೋಡ್ತೀನಿ. ಮೊಣಕೈಲಿ ಒಂದು ತಿವಿದ್ರೆ ಮತ್ತೆ ಶುರುವಾಗುತ್ತೆ." ಪಕ್ಕದವರು, "ನಮ್ಮನೇಲೂ ಹಾಗೇ ಕಣ್ರೀ. ನಮ್ಮವರಿಗೆ ಬೈಪಾಸ್ ಆದ್ಮೇಲೆ ನಾನು ಪೂರ್ತಿ ನಿದ್ದೆ ಮಾಡಿದ್ದೇ ಇಲ್ಲ" ಎನ್ನುತ್ತಾರೆ. ಎರಡು ನಿಮಿಷದಲ್ಲಿ ಕಾರಿಡಾರಿನಲ್ಲಿ ಇಬ್ಬರ ರೋಗನಿರ್ಣಯ ಮುಗಿಯಿತು. ಒಳಗೆ ಬಿಪಿಗೆ ನಾಲ್ಕನೇ ಮಾತ್ರೆ ಬರೆದಾಯಿತು.

ಮೂರು ಮಾತ್ರೆಗೂ ಬಗ್ಗದ ಬಿಪಿಯ ಬೆನ್ನು ಹತ್ತಿದ ಬ್ರೆಜಿಲ್‌ನ ಸಾವೊ ಪೌಲೊ ವೈದ್ಯರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 125 ರೋಗಿಗಳನ್ನು ತಪಾಸಣೆ ಮಾಡಿದ್ದರು. ಕಾರಣಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಬಂದದ್ದು ಆಪ್ನಿಯಾ, ಶೇ 64ರಷ್ಟು ಜನರಲ್ಲಿ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2021ರಲ್ಲಿ ಹೊರಡಿಸಿದ ಹೇಳಿಕೆಯ ಪ್ರಕಾರ ಬಿಪಿ, ಹೃದಯ ವೈಫಲ್ಯ, ರಕ್ತನಾಳದ ಬ್ಲಾಕ್, ತಾಳ ತಪ್ಪಿದ ಬಡಿತ, ಪಾರ್ಶ್ವವಾಯು ಇರುವವರಲ್ಲಿ ಶೇ 40ರಿಂದ 80ರಷ್ಟು ಮಂದಿಗೆ ಆಪ್ನಿಯಾ ಇರುತ್ತದೆ. ಹೃದಯದ ಓಪಿಡಿಯಲ್ಲಿ ಕೂತ ಇಬ್ಬರಲ್ಲಿ ಒಬ್ಬರಿಗೆ ಎಂದುಕೊಳ್ಳಿ. ನಮ್ಮ ದೇಶದ ಅಧ್ಯಯನಗಳನ್ನೆಲ್ಲ ಕೂಡಿಸಿ ದೆಹಲಿಯ ಏಮ್ಸ್ ವೈದ್ಯರು 2023ರಲ್ಲಿ ಹಾಕಿದ ಅಂದಾಜು, ದುಡಿಯುವ ವಯಸ್ಸಿನ ಸುಮಾರು 10.4 ಕೋಟಿ ಭಾರತೀಯರಿಗೆ ಈ ತೊಂದರೆ ಇದೆ, ಅದರಲ್ಲಿ 4.7 ಕೋಟಿ ಮಂದಿಗೆ ಮಧ್ಯಮ ಅಥವಾ ತೀವ್ರ. ಕರ್ನಾಟಕದ ಜನಸಂಖ್ಯೆಗಿಂತ ದೊಡ್ಡ ರಾಜ್ಯವೊಂದು ರಾತ್ರಿಯಾದರೆ ಉಸಿರು ಕಟ್ಟಿ ಒದ್ದಾಡುತ್ತದೆ, ಬೆಳಗಾದರೆ "ಒಳ್ಳೆ ನಿದ್ದೆ" ಎಂದು ಕಾಫಿ ಕುಡಿಯುತ್ತದೆ.

ಕಾರಿಡಾರಿನ ಆ ಮೊಣಕೈಯನ್ನು ಹಗುರವಾಗಿ ಕಾಣಬೇಡಿ. ಕೆನಡಾದ ಸ್ಯಾಸ್ಕಟೂನ್‌ನ ವೈದ್ಯರು 2014ರಲ್ಲಿ 'ಚೆಸ್ಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದರ ಮೇಲೊಂದು ಪ್ರಬಂಧವನ್ನೇ ಬರೆದಿದ್ದಾರೆ. ಗೊರಕೆ ಹೊಡೆಯುವಾಗ, ಉಸಿರು ನಿಂತಾಗ ಪಕ್ಕದವರು ನಿಮ್ಮನ್ನು ಮೊಣಕೈಯಿಂದ ತಿವಿಯುತ್ತಾರಾ ಎಂದು ರೋಗಿಗಳನ್ನು ಕೇಳಿದರು. ಹೌದು ಎಂದವರಲ್ಲಿ ಆಪ್ನಿಯಾ ಸಿಗುವ ಸಂಭವ ಹೆಚ್ಚಿತ್ತು. ಅದಕ್ಕೆ ಮೊಣಕೈ ಚಿಹ್ನೆ ಎಂದು ನಾಮಕರಣವೂ ಆಯಿತು. ನಮ್ಮ ಹೆಂಗಸರು ತಲೆತಲಾಂತರದಿಂದ ಫೀಸಿಲ್ಲದೆ ಮಾಡಿಕೊಂಡು ಬಂದ ಪರೀಕ್ಷೆ ಅಂತೂ ವಿಜ್ಞಾನವಾಯಿತು. ಒಂದೇ ವ್ಯತ್ಯಾಸ, ಸ್ಯಾಸ್ಕಟೂನ್‌ನಲ್ಲಿ ಆ ಪ್ರಶ್ನೆಯನ್ನು ಡಾಕ್ಟರು ಕೇಳಿದರು. ನಮ್ಮಲ್ಲಿ ಉತ್ತರ ಹೊರಗೆ ಕುರ್ಚಿಯಲ್ಲಿದೆ, ಪ್ರಶ್ನೆ ಒಳಗೆ ಬರಬೇಕಷ್ಟೆ.

ಯಂತ್ರಗಳೂ ಸುಮ್ಮನಿಲ್ಲ, ಪಾಪ, ಅವೂ ಹೇಳುತ್ತಲೇ ಇವೆ. ಎದೆಗೆ ಅಂಟಿಸಿ ಮನೆಗೆ ಕಳಿಸುವ ಹೋಲ್ಟರ್ ಇಡೀ ದಿನದ ಬಡಿತವನ್ನು ಬರೆದಿಡುತ್ತದೆ. ಆಪ್ನಿಯಾ ಇರುವವರ ಬಡಿತ ರಾತ್ರಿ ಹೊತ್ತು ನಿಧಾನ, ವೇಗ, ಮತ್ತೆ ನಿಧಾನ, ಮತ್ತೆ ವೇಗ ಎಂದು ಉಯ್ಯಾಲೆಯಾಡುತ್ತದೆ ಎಂಬುದನ್ನು ಸ್ಟಾನ್‌ಫರ್ಡ್‌ನ ಕ್ರಿಶ್ಚಿಯನ್ ಗಿಯೆಮಿನೊ ಮತ್ತು ಸಂಗಡಿಗರು 1984ರಲ್ಲೇ ತೋರಿಸಿದ್ದರು. ಆದರೆ ಕೊನೆಯ ಪುಟದ ಸಾರಾಂಶದಲ್ಲಿ 'ರಾತ್ರಿ ಬಡಿತ ನಿಧಾನ' ಎಂದು ಕಂಡರೆ ಸಾಕು, ಕೆಲವೆಡೆ ಪೇಸ್‌ಮೇಕರ್ ಮಾತು ಶುರುವಾಗುತ್ತದೆ. ನಿದ್ದೆಯಲ್ಲಿ ಬಡಿತ ನಿಧಾನವಾದರೆ ಮೊದಲು ಆಪ್ನಿಯಾ ಇದೆಯೇ ನೋಡಿ ಎಂದು ಅಮೆರಿಕದ ಹೃದ್ರೋಗ ಸಂಸ್ಥೆಗಳ 2018ರ ಮಾರ್ಗಸೂಚಿ ಹೇಳುತ್ತದೆ. ಗಂಟಲಿನ ತಪ್ಪಿಗೆ ಎದೆಯಲ್ಲಿ ಬ್ಯಾಟರಿ ಹೂಳುವ ಮೊದಲು ಗಂಟಲನ್ನು ಒಂದು ಮಾತು ಕೇಳಿ ಎಂದರ್ಥ.

ತಾಳ ತಪ್ಪಿದ ಬಡಿತವನ್ನು, ಅಂದರೆ ಏಟ್ರಿಯಲ್ ಫಿಬ್ರಿಲೇಷನ್ನನ್ನು, ಕರೆಂಟ್ ಕೊಟ್ಟು ಸರಿಮಾಡುತ್ತಾರೆ. 2003ರಲ್ಲಿ ಪ್ರಕಟವಾದ ಇನ್ನೊಂದು ಮೇಯೊ ಅಧ್ಯಯನದಲ್ಲಿ, ಆಪ್ನಿಯಾಗೆ ಚಿಕಿತ್ಸೆ ಸಿಗದವರಲ್ಲಿ ಶೇ 82ರಷ್ಟು ಮಂದಿಗೆ ಒಂದು ವರ್ಷದೊಳಗೆ ಅದು ಮರುಕಳಿಸಿತು. ಚಿಕಿತ್ಸೆ ಸಿಕ್ಕವರಲ್ಲಿ ಶೇ 42. ಅದು ಸಣ್ಣ ಅಧ್ಯಯನ, ಅದರ ಮೇಲೆ ಗೋಪುರ ಕಟ್ಟಬೇಕಾಗಿಲ್ಲ. ಆದರೆ ಎರಡನೇ ಸಲ ಕರೆಂಟ್ ಕೊಡುವ ಮುನ್ನ ಒಂದು ಪ್ರಶ್ನೆ ಕೇಳಲು ಅಷ್ಟು ಸಾಲದೇ?

ಹಾಗಿದ್ದರೂ ಕೇಳುವುದಿಲ್ಲ ಏಕೆ? ಸರ್ಕಾರಿ ಆಸ್ಪತ್ರೆಯ ಡಾಕ್ಟರ ಕಷ್ಟ ಅರ್ಥವಾಗುತ್ತದೆ. ಬಾಗಿಲ ಹೊರಗೆ ನೂರು ಜನ, ಒಬ್ಬರಿಗೆ ಎರಡು ನಿಮಿಷ. ಖಾಸಗಿಯ ಕಷ್ಟ ಬೇರೆ ಥರದ್ದು. ಔಷಧ ಲೇಪಿಸಿದ ಸ್ಟೆಂಟಿಗೆ 2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ 29,600 ರೂಪಾಯಿಯ ಮಿತಿ ಹಾಕಿತು. "ಗೊರಕೆ ಹೊಡೀತೀರಾ?" ಎಂಬ ಪ್ರಶ್ನೆಗೆ ಮಿತಿ ಹಾಕುವ ಪ್ರಮೇಯವೇ ಬರಲಿಲ್ಲ. ಅದರ ಬೆಲೆ ಸೊನ್ನೆ, ಸೊನ್ನೆ ಬೆಲೆಯ ಸರಕನ್ನು ಯಾರೂ ಅಂಗಡಿಯಲ್ಲಿಡುವುದಿಲ್ಲ. ಎಕ್ಸಿಕ್ಯುಟಿವ್ ಹಾರ್ಟ್ ಪ್ಯಾಕೇಜ್ ತೆಗೆದು ನೋಡಿ. ರಕ್ತಪರೀಕ್ಷೆಗಳ ಮಾರುದ್ದ ಪಟ್ಟಿ, ಡಯಟೀಷಿಯನ್ ಸಲಹೆ, ಕೊನೆಗೆ ಕ್ಯಾಂಟೀನಿನಲ್ಲಿ ಇಡ್ಲಿ ವಡೆಯ ಕೂಪನ್. ಹೊಟ್ಟೆ ತುಂಬಿ ಲಾಬಿಯ ಸೋಫಾದಲ್ಲಿ ರಿಪೋರ್ಟಿಗೆ ಕಾಯುತ್ತ ಎಕ್ಸಿಕ್ಯುಟಿವ್ ಸಾಹೇಬರು ಬಾಯಿ ತೆರೆದು ಗೊರಕೆ ಹೊಡೆಯುತ್ತಾರೆ. ಇಡೀ ಪ್ಯಾಕೇಜಿನಲ್ಲಿ ಅತ್ಯಂತ ಉಪಯುಕ್ತ ರಿಪೋರ್ಟು ಅದೇ, ಅದನ್ನು ಯಾರೂ ಪ್ರಿಂಟ್ ತೆಗೆಯುವುದಿಲ್ಲ.

ಕೇಳಿದರೆ ತಜ್ಞರ ಹತ್ತಿರ ಒಂದು ಬ್ರಹ್ಮಾಸ್ತ್ರ ಇದೆ. "ಆಪ್ನಿಯಾಗೆ ಚಿಕಿತ್ಸೆ ಕೊಟ್ಟರೂ ಹಾರ್ಟ್ ಅಟ್ಯಾಕ್ ಕಮ್ಮಿ ಆಗಲ್ಲ ಅಂತ ಟ್ರಯಲ್ ಆಗಿದೆಯಲ್ರೀ?" ನಿಜ, ಆಗಿದೆ. ಮೊದಲು ಆ ಚಿಕಿತ್ಸೆ ಏನೆಂದು ನೋಡೋಣ. ಸಿಡ್ನಿಯ ಕಾಲಿನ್ ಸಲ್ಲಿವನ್ 1981ರಲ್ಲಿ ವ್ಯಾಕ್ಯೂಮ್ ಕ್ಲೀನರಿನ ಮೋಟಾರಿನಿಂದ ಮೂಗಿಗೆ ಗಾಳಿ ಊದಿಸಿ ಗಂಟಲನ್ನು ತೆರೆದಿಟ್ಟರು. ಅದೇ ಈಗಿನ ಸಿಪ್ಯಾಪ್ ಯಂತ್ರದ ಮೂಲ. 2016ರ ಸೇವ್ ಅಧ್ಯಯನದಲ್ಲಿ ಹೃದ್ರೋಗ ಅಥವಾ ಪಾರ್ಶ್ವವಾಯು ಆಗಿದ್ದ 2,717 ಜನರಲ್ಲಿ ಅರ್ಧದಷ್ಟು ಮಂದಿಗೆ ಆ ಯಂತ್ರ ಕೊಟ್ಟರು. ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ಆದರೆ ಯಂತ್ರ ಸಿಕ್ಕವರು ಅದನ್ನು ಹಾಕಿಕೊಂಡದ್ದು ರಾತ್ರಿಗೆ ಸರಾಸರಿ 3.3 ಗಂಟೆ. ಹಗಲಿಡೀ ವಿಪರೀತ ತೂಕಡಿಸುವವರನ್ನು, ಅಂದರೆ ಹೆಚ್ಚು ಬಳಲುತ್ತಿದ್ದವರನ್ನು, ಅಧ್ಯಯನಕ್ಕೆ ಸೇರಿಸಿಕೊಂಡೂ ಇರಲಿಲ್ಲ. ಅಷ್ಟಾದರೂ ತೂಕಡಿಕೆ ತಗ್ಗಿತು, ಮನಸ್ಸು ಹಗುರಾಯಿತು, ಕೆಲಸಕ್ಕೆ ರಜೆ ಹಾಕುವುದು ಕಡಿಮೆಯಾಯಿತು. ಯಂತ್ರ ಹಾಕಿದರೆ ಹೃದಯಾಘಾತ ಖಂಡಿತ ತಪ್ಪುತ್ತದೆ ಎಂದು ಮಾರುವವನ ಮಾತು ಸುಳ್ಳು. ಹಾಗೆಂದು ಪತ್ತೆ ಹಚ್ಚುವುದೇ ದಂಡ ಎನ್ನುವವರ ಮಾತೂ ಸೋಮಾರಿತನಕ್ಕೆ ತೊಡಿಸಿದ ಬಿಳಿ ಕೋಟು. ಕಾರು ಓಡಿಸುತ್ತ ಸ್ಟಿಯರಿಂಗ್ ಮೇಲೆ ತೂಕಡಿಸುವ ಹೃದ್ರೋಗಿಗೆ ಹಗಲಿನ ಎಚ್ಚರ ಸಣ್ಣ ಲಾಭವೇ? ಅವನ ಹಿಂದಿನ ಸೀಟಿನಲ್ಲಿ ಕೂತವರನ್ನು ಕೇಳಿ.

ಪತ್ತೆ ಸರಿಯಾಗಿ ಆಗಬೇಕು ಎಂಬುದಕ್ಕೆ ಇನ್ನೊಂದು ಕಾರಣವಿದೆ. ಹೃದಯ ಸೋತವರಲ್ಲಿ ಬೇರೊಂದು ಬಗೆಯ ಆಪ್ನಿಯಾ ಬರುತ್ತದೆ. ಗಂಟಲು ತೆರೆದೇ ಇರುತ್ತದೆ, ಉಸಿರಾಡು ಎಂದು ಮೆದುಳು ಹೇಳುವುದನ್ನೇ ಮರೆಯುತ್ತದೆ. ಏರುತ್ತ ಹೋಗಿ, ಇಳಿಯುತ್ತ ಬಂದು, ನಿಂತು, ಮತ್ತೆ ಏರುವ ಆ ಉಸಿರನ್ನು ಡಬ್ಲಿನ್‌ನ ಜಾನ್ ಚೇನ್ 1818ರಲ್ಲೇ ಬರೆದಿಟ್ಟಿದ್ದರು. ಇಂಥವರಿಗೆ ಎಎಸ್‌ವಿ ಎಂಬ ಜಾಣ ಯಂತ್ರ ಕೊಟ್ಟು ನೋಡಿದ 2015ರ ಸರ್ವ್ ಎಚ್‌ಎಫ್ ಅಧ್ಯಯನದಲ್ಲಿ, ಹೃದಯದ ಪಂಪು ದುರ್ಬಲವಾಗಿದ್ದವರ ಸಾವು ಯಂತ್ರದಿಂದ ಹೆಚ್ಚಾಯಿತು. ಆದ್ದರಿಂದ ರಾತ್ರಿ ಹನ್ನೆರಡಕ್ಕೆ ಫೋನಿನಲ್ಲಿ ಆಫರ್ ನೋಡಿ ಮೂಗಿನ ಕ್ಲಿಪ್ಪು, ಗದ್ದಕ್ಕೆ ಕಟ್ಟುವ ಪಟ್ಟಿ, ಯಾರೋ ಮಾರಿದ ಹಳೇ ಯಂತ್ರ ತರಿಸಿಕೊಳ್ಳುವ ಸ್ವದೇಶಿ ತಜ್ಞರು ಸ್ವಲ್ಪ ತಡೆಯಿರಿ. ಮನೆಯಲ್ಲೇ ಬೆರಳಿಗೂ ಮೂಗಿಗೂ ಎದೆಗೂ ಸೆನ್ಸರ್ ಹಾಕಿಕೊಂಡು ಮಲಗುವ ಒಂದು ರಾತ್ರಿಯ ಪರೀಕ್ಷೆ ಇದೆ. ಹೃದಯ ವೈಫಲ್ಯದಂಥ ಜಟಿಲ ತೊಂದರೆ ಇದ್ದವರಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಮಲಗಿಸಿ ಮಾಡುವ ಪೂರ್ಣ ಪರೀಕ್ಷೆ ಇದೆ. ಮೊದಲು ಯಾವ ಬಗೆ ಎಂದು ತಿಳಿಯಲಿ, ಆಮೇಲೆ ಮಾಸ್ಕಿನ ಮಾತು.

ಪರೀಕ್ಷೆಗೆ ಯಾರನ್ನು ಕಳಿಸಬೇಕು ಎಂದು ಆರಿಸಲು ಪ್ರಶ್ನಾವಳಿಯೂ ಇದೆ. ಟೊರೊಂಟೊದ ಫ್ರಾನ್ಸಿಸ್ ಚಂಗ್ ಮತ್ತು ಸಂಗಡಿಗರು 2008ರಲ್ಲಿ ಕೊಟ್ಟ ಸ್ಟಾಪ್‌ಬ್ಯಾಂಗ್‌ನಲ್ಲಿ ಎಂಟೇ ಪ್ರಶ್ನೆ. ಜೋರು ಗೊರಕೆ, ಹಗಲು ಸುಸ್ತು, ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದು, ಬಿಪಿ, ತೂಕ, ವಯಸ್ಸು 50 ದಾಟಿದ್ದು, ಕತ್ತಿನ ಸುತ್ತಳತೆ 40 ಸೆಂ.ಮೀ. ಮೀರಿದ್ದು, ಗಂಡಸಾಗಿರುವುದು. ಮೂರು ಹೌದು ಬಂದರೆ ಯೋಚಿಸಬೇಕು, ಐದು ಬಂದರೆ ಓಡಬೇಕು. ದರ್ಜಿಯ ಟೇಪು ಸಾಕು, ಎಂಆರ್‌ಐ ಬೇಕಿಲ್ಲ. ಆದರೆ ಇದರಲ್ಲೂ ತೂತುಗಳಿವೆ. ಹೃದ್ರೋಗಿಗಳಲ್ಲಿ ಅನೇಕರಿಗೆ ಹಗಲು ತೂಕಡಿಕೆಯೇ ಇರುವುದಿಲ್ಲ, 'ಸುಸ್ತಾ?' ಎಂದರೆ ಇಲ್ಲ ಎನ್ನುತ್ತಾರೆ. ಆ ಪಟ್ಟಿಯ ತೂಕದ ಮಿತಿ ಬಿಎಂಐ 35. ನಮ್ಮವರಿಗೆ ಅಷ್ಟು ದಪ್ಪವಾಗುವ ಮೊದಲೇ ಆಪ್ನಿಯಾ ಬರುತ್ತದೆ. ತೆಳ್ಳಗಿನ ಮೇಷ್ಟ್ರಿಗೂ ಬರಬಹುದು, ಗಂಟಲ ಹಾದಿ ಕಿರಿದಾಗಿದ್ದರೆ, ದವಡೆ ಹಿಂದಿದ್ದರೆ ಸಾಕು.

ಎಲ್ಲಕ್ಕಿಂತ ದೊಡ್ಡ ತೂತು ಕೊನೆಯ ಪ್ರಶ್ನೆಯಲ್ಲಿದೆ. ಗಂಡಸಾಗಿದ್ದರೆ ಒಂದು ಅಂಕ. ಹೆಂಗಸಿಗೆ ಸೊನ್ನೆ. ಹೆಂಗಸಿಗೆ ಆಪ್ನಿಯಾ ಬರುವುದಿಲ್ಲವೆಂದಲ್ಲ. ಮುಟ್ಟು ನಿಂತ ಮೇಲೆ ಅಪಾಯ ಏರುತ್ತದೆ. ಆಕೆ ಡಾಕ್ಟರ ಮುಂದೆ ಗೊರಕೆ ಎನ್ನುವುದಿಲ್ಲ, ಸುಸ್ತು, ತಲೆನೋವು, ನಡುರಾತ್ರಿ ಎಚ್ಚರ ಎನ್ನುತ್ತಾಳೆ. ಅದಕ್ಕೆ ಸಿಗುವುದು ಕಬ್ಬಿಣದ ಮಾತ್ರೆ, ಥೈರಾಯ್ಡ್ ಟೆಸ್ಟು, "ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಮ್ಮ" ಎಂಬ ಉಪದೇಶ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1997ರಲ್ಲಿ ಲೆಕ್ಕ ಹಾಕಿದಾಗ, ಮಧ್ಯಮದಿಂದ ತೀವ್ರ ಆಪ್ನಿಯಾ ಇದ್ದ ಗಂಡಸರಲ್ಲಿ ಶೇ 82ರಷ್ಟು ಮಂದಿಗೆ ರೋಗ ಪತ್ತೆಯಾಗಿರಲಿಲ್ಲ. ಹೆಂಗಸರಲ್ಲಿ ಅದು ಶೇ 93.

ಆದ್ದರಿಂದ ಸರ್ಕಾರದ ಸಮಿತಿಗೂ ಪ್ಯಾಕೇಜಿಗೂ ಕಾಯದೆ ಮಾಡಬಹುದಾದ ಕೆಲಸ ಒಂದಿದೆ. ನಿಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಹುಡುಕಿ. ಅಪ್ಪ ಸೋಫಾದ ಮೇಲೆ ಗೊರಕೆ ಹೊಡೆಯುವ ವಿಡಿಯೊ ಅಲ್ಲೆಲ್ಲೋ ಇದ್ದೇ ಇರುತ್ತದೆ, ಕೆಳಗೆ ಹದಿನಾಲ್ಕು ನಗುವ ಮುಖಗಳ ಸಮೇತ. ಸದ್ದು ನಿಲ್ಲುವುದು, ಮತ್ತೆ ಬೆಚ್ಚಿ ಶುರುವಾಗುವುದು ಎರಡೂ ಅದರಲ್ಲಿ ರೆಕಾರ್ಡ್ ಆಗಿರಬಹುದು. ಅಪ್ಪನಿಗೆ ಬಿಪಿಯೋ ಸ್ಟೆಂಟೋ ಇದ್ದರೆ ಮುಂದಿನ ಸಲ ಅದನ್ನು ಡಾಕ್ಟರಿಗೆ ತೋರಿಸಿ. "ಅಟೆಂಡರ್ ಹೊರಗಿರಿ" ಎಂದರೂ ಅಮ್ಮ ಒಳಗೆ ನುಗ್ಗಲಿ.

ಅಮ್ಮನ ವಿಡಿಯೊ ಮಾತ್ರ ಎಷ್ಟು ಹುಡುಕಿದರೂ ಸಿಗುವುದಿಲ್ಲ. "ನಮ್ಮನೇವಳು ಗೊರಕೆ ಹೊಡೆಯಲ್ಲ ಬಿಡಿ" ಎಂದು ಯಜಮಾನರು ಆಣೆ ಮಾಡಿ ಹೇಳುತ್ತಾರೆ. ಸಾಕ್ಷಿ ಏನು ಎಂದು ಕೇಳಿ ನೋಡಿ. ಆ ಹೊತ್ತಿನಲ್ಲಿ ತಾವು ಗಾಢ ನಿದ್ದೆಯಲ್ಲಿದ್ದುದೇ ಅವರ ಬಳಿ ಇರುವ ಏಕೈಕ ಸಾಕ್ಷಿ.